ಲ್ಯಾಬ್‌ನಲ್ಲಿ ಸತ್ತ ಮೆಲನೋಮ ಕೋಶ: ಆ ಸುದ್ದಿ ಔಷಧವಾಗುವುದು ಹೇಗೆ?

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಲಕ್ಷ್ಮಣಫಲ ಕೇಳಿಕೊಂಡು ಬರುವವರೆಲ್ಲ ರುಚಿಗಾಗಿ ಬರುವುದಿಲ್ಲ. ಕೆಲವರನ್ನು ಮೊಬೈಲಿಗೆ ಬಂದ ಸಂದೇಶವೊಂದು ಅಲ್ಲಿಗೆ ಕಳಿಸಿರುತ್ತದೆ. ಈ ಹಣ್ಣು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ, ಲ್ಯಾಬ್‌ನಲ್ಲಿ ಸಾಬೀತಾಗಿದೆ ಎಂದು ಅದರಲ್ಲಿ ಬರೆದಿರುತ್ತದೆ. ಅರಿಸಿನದ ಮೇಲೂ ಇಂಥದ್ದೇ ಸಂದೇಶಗಳಿವೆ. ತಮಾಷೆಯೆಂದರೆ ಇವು ಪೂರ್ತಿ ಸುಳ್ಳಲ್ಲ. ಯಾವುದೋ ಲ್ಯಾಬ್‌ನಲ್ಲಿ, ಯಾವುದೋ ತಟ್ಟೆಯಲ್ಲಿ ಕೋಶಗಳು ಸತ್ತಿರುವುದು ನಿಜ. ಆದರೆ ತಟ್ಟೆಯಲ್ಲಿ ಕೋಶ ಸಾಯುವುದಕ್ಕೂ ಮನುಷ್ಯ ಗುಣವಾಗುವುದಕ್ಕೂ ನಡುವೆ ಬಹಳ ಉದ್ದದ ದಾರಿಯಿದೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರನ್ನು ಹಿಡಿದು ಆ ದಾರಿಯಲ್ಲಿ ಒಮ್ಮೆ ನಡೆದುಬರೋಣ. ಮನೆಯಲ್ಲಿ ರೋಗಿ ಇದ್ದು ‘ಹೊಸ ಪ್ರಾಯೋಗಿಕ ಚಿಕಿತ್ಸೆ ಇದೆ’ ಎಂದು ಯಾರಾದರೂ ಹೇಳಿದರೆ ಏನು ಕೇಳಬೇಕು, ಎಲ್ಲಿ ಪರೀಕ್ಷಿಸಬೇಕು ಎಂಬುದೂ ಆಗ ತಿಳಿಯುತ್ತದೆ.

ಮೊದಲು ರೋಗ ಯಾವುದು ನೋಡೋಣ. ಚರ್ಮದ ಹೊರಪದರದ ತಳದಲ್ಲಿ ಮೆಲನೊಸೈಟ್ ಎಂಬ ಕೋಶಗಳಿವೆ. ನಮ್ಮ ಮೈಬಣ್ಣಕ್ಕೆ ಕಾರಣವಾದ ಮೆಲನಿನ್ ತಯಾರಾಗುವುದು ಇವುಗಳಲ್ಲಿ. ಕೋಶದೊಳಗೆ ಮೆಲನೊಸೋಮ್ ಎಂಬ ಸೂಕ್ಷ್ಮ ಚೀಲಗಳಿರುತ್ತವೆ. ಬಣ್ಣ ಅವುಗಳಲ್ಲಿ ತುಂಬಿ ಸುತ್ತಲಿನ ಚರ್ಮಕೋಶಗಳಿಗೆ ಹಂಚಿಕೆಯಾಗುತ್ತದೆ. ಮಲ್ಲೇಶ್ವರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳಬರ ಬಾಯಲ್ಲಿ ಇವತ್ತಿಗೂ ಅದು ಟಾಟಾ ಇನ್‌ಸ್ಟಿಟ್ಯೂಟೇ, ಸುಬ್ಬರಾವ್ ಗಂಗಿ ಸೆಟ್ಟಿ ಅವರ ಪ್ರಯೋಗಾಲಯ ಈ ಚೀಲಗಳು ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ಅಧ್ಯಯನ ಮಾಡುತ್ತದೆ. ಈ ಬಣ್ಣದ ಕೋಶ ಲಂಗುಲಗಾಮಿಲ್ಲದೆ ಬೆಳೆಯತೊಡಗಿದರೆ ಅದೇ ಮೆಲನೋಮ.

‘ಅದು ಬಿಳಿಯರ ಕಾಯಿಲೆಯಲ್ಲವೇ, ನಮಗೇಕೆ?’ ಎನ್ನುತ್ತೀರಿ. ಅರ್ಧ ನಿಜ. ನಮ್ಮಲ್ಲಿ ಇದು ಅಪರೂಪ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೂ ಬರುವುದಿಲ್ಲ. ಆದರೆ ಬರುವಾಗ ಅದು ಬೇರೆ ಜಾಗ ಹುಡುಕಿಕೊಂಡು ಬರುತ್ತದೆ. ಬಿಳಿಯರಲ್ಲಿ ಬಿಸಿಲು ಬೀಳುವ ಬೆನ್ನು, ಕಾಲಿನ ಮೇಲೆ ಹೆಚ್ಚು. ನಮ್ಮಲ್ಲಿ ಅಂಗಾಲು, ಅಂಗೈ, ಉಗುರಿನ ಅಡಿ, ಕೆಲವೊಮ್ಮೆ ಬಾಯಿ ಅಥವಾ ಗುದದ ಒಳಪದರ. ಇಂಥ ಅಂಗೈ, ಅಂಗಾಲಿನ ಬಗೆಗೆ ಆಕ್ರಲ್ ಮೆಲನೋಮ ಎಂದು ಹೆಸರು. ಇದಕ್ಕೆ ಬಿಸಿಲು ಮುಖ್ಯ ಕಾರಣವಲ್ಲ. ಆದ್ದರಿಂದ ಸನ್‌ಸ್ಕ್ರೀನ್ ಹಚ್ಚಿದವರೂ ಪಾದ ನೋಡಿಕೊಳ್ಳಬೇಕು. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಣಿಸಿಕೊಂಡದ್ದು ಕಾಲ್ಬೆರಳಿನ ಉಗುರಿನ ಅಡಿಯಲ್ಲಿ. 1981ರಲ್ಲಿ, 36ನೆಯ ವಯಸ್ಸಿಗೆ ತೀರಿಕೊಂಡರು.

ತೊಂದರೆ ಇರುವುದು ಇಲ್ಲೇ. ಅಂಗಾಲಿನ ಕಪ್ಪು ಕಲೆಯನ್ನು ನಾವು ಕಾಲಾಣಿ ಅಂದುಕೊಳ್ಳುತ್ತೇವೆ. ಮುಳ್ಳು ಚುಚ್ಚಿದ್ದು, ಚಪ್ಪಲಿ ಉಜ್ಜಿದ್ದು, ರಕ್ತ ಹೆಪ್ಪುಗಟ್ಟಿದ್ದು ಎಂದು ತಿಂಗಳುಗಟ್ಟಲೆ ಬಿಡುತ್ತೇವೆ. ಬ್ಲೇಡಿನಿಂದ ಕೆರೆದುಕೊಳ್ಳುವವರೂ ಇದ್ದಾರೆ. ದಯವಿಟ್ಟು ಅದು ಮಾತ್ರ ಬೇಡ. ಕಲೆಯ ಎರಡು ಅರ್ಧ ಒಂದೇ ಥರ ಇಲ್ಲದಿದ್ದರೆ, ಅಂಚು ಹರಿದಂತಿದ್ದರೆ, ಒಂದೇ ಕಲೆಯಲ್ಲಿ ಎರಡು ಮೂರು ಬಣ್ಣವಿದ್ದರೆ, 6 ಮಿಲಿಮೀಟರ್‌ಗಿಂತ ದೊಡ್ಡದಿದ್ದರೆ, ಎಲ್ಲಕ್ಕಿಂತ ಮುಖ್ಯವಾಗಿ ಬದಲಾಗುತ್ತಾ ಹೋಗುತ್ತಿದ್ದರೆ, ಚರ್ಮದ ವೈದ್ಯರಿಗೆ ತೋರಿಸಿ. ಉಗುರಿನಲ್ಲಿ ಉದ್ದಕ್ಕೆ ಕಪ್ಪು ಗೆರೆ ಕಂಡರೆ ಗಾಬರಿಯಾಗಬೇಡಿ. ನಮ್ಮ ಬಣ್ಣದವರಲ್ಲಿ ಹಲವು ಉಗುರುಗಳಲ್ಲಿ ಅಂಥ ಗೆರೆ ಇರುವುದು ಸಾಮಾನ್ಯ. ಒಂದೇ ಉಗುರಿನಲ್ಲಿ ಹೊಸದಾಗಿ ಬಂದು, ಅಗಲವಾಗುತ್ತಾ, ಬಣ್ಣ ಉಗುರಿನ ಬುಡದ ಚರ್ಮಕ್ಕೂ ಹರಡಿದರೆ ಆಗ ತಡಮಾಡಬೇಡಿ. ವೈದ್ಯರು ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಲ್ಲಿ ನೋಡುತ್ತಾರೆ. ಅನುಮಾನ ಬಂದರೆ ಬಯಾಪ್ಸಿ ಮಾಡುತ್ತಾರೆ, ಅಂದರೆ ಚೂರು ಮಾಂಸ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ರೋಗ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ. 1 ಮಿಲಿಮೀಟರ್‌ಗಿಂತ ತೆಳುವಾಗಿದ್ದಾಗ ಸಿಕ್ಕಿದರೆ ಕತ್ತರಿಸಿ ತೆಗೆದೇ ಹೆಚ್ಚಿನವರು ಗುಣವಾಗುತ್ತಾರೆ. ಮುಂದೆ ಹೇಳುವ ದುಬಾರಿ ಔಷಧಗಳೆಲ್ಲ ರೋಗ ಆ ಹಂತ ದಾಟಿ ಹೋದವರಿಗೆ.

ಈಗ ಲ್ಯಾಬ್‌ಗೆ ಬನ್ನಿ.

ಸಂಶೋಧಕರು ಕೆಲಸ ಮಾಡುವುದು ಸೆಲ್ ಲೈನ್ ಮೇಲೆ. ಯಾವುದೋ ಕಾಲದಲ್ಲಿ ಒಬ್ಬ ರೋಗಿಯ ಗೆಡ್ಡೆಯಿಂದ ತೆಗೆದ ಕೋಶಗಳು ದೇಹದ ಹೊರಗೂ ಬೆಳೆಯುತ್ತಾ, ಒಡೆದು ಎರಡಾಗುತ್ತಾ, ದಶಕಗಳಿಂದ ಮುಂದುವರಿದ ಸಂತತಿ ಇದು. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರಿನಿಂದ ಹೆಪ್ಪು ಎತ್ತಿಟ್ಟು ಇವತ್ತಿನ ಹಾಲಿಗೆ ಹಾಕುತ್ತೇವಲ್ಲ, ಹಾಗೆ ತುಂಬಿದ ತಟ್ಟೆಯಿಂದ ಒಂದಿಷ್ಟು ಕೋಶ ಎತ್ತಿ ಹೊಸ ತಟ್ಟೆಗೆ ಹಾಕುತ್ತಾರೆ. ಮೆಲನೋಮ ಸಂಶೋಧನೆಯಲ್ಲಿ ಪದೇ ಪದೇ ಕಾಣುವ ಎ375 ಎಂಬ ಸೆಲ್ ಲೈನ್ 54 ವರ್ಷದ ಮಹಿಳೆಯೊಬ್ಬರ ಗೆಡ್ಡೆಯದು. ಬಿ16 ಎಂಬುದು ಇಲಿಯ ಮೆಲನೋಮ. ಬಿ16 ಕೋಶಗಳನ್ನು ಕೊಳವೆಯಲ್ಲಿ ಹಾಕಿ ಜೋರಾಗಿ ತಿರುಗಿಸಿದರೆ ತಳದಲ್ಲಿ ಕಪ್ಪಗೆ ಕಾಡಿಗೆಯ ಬಣ್ಣ ಕೂರುತ್ತದೆ, ಅಷ್ಟು ಮೆಲನಿನ್. ನಮ್ಮ ದೇಶದ ಲ್ಯಾಬ್‌ಗಳು ಸೆಲ್ ಲೈನ್‌ಗಳನ್ನು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ತರಿಸಿಕೊಳ್ಳುತ್ತವೆ.

ಕೋಶಗಳನ್ನು ಸಾಕುವುದು ನಾಜೂಕಿನ ಕೆಲಸ. 37 ಡಿಗ್ರಿ ಬಿಸಿ ಬೇಕು, ಗಾಳಿಯಲ್ಲಿ ಶೇ. 5ರಷ್ಟು ಇಂಗಾಲದ ಡೈಆಕ್ಸೈಡ್ ಬೇಕು. ಸಕ್ಕರೆ, ಲವಣ, ಅಮೈನೋ ಆಮ್ಲಗಳಿರುವ ದ್ರವಕ್ಕೆ ಹಸುವಿನ ಭ್ರೂಣದ ರಕ್ತಸಾರವನ್ನು ಸಾಮಾನ್ಯವಾಗಿ ಶೇ. 10ರಷ್ಟು ಬೆರೆಸುತ್ತಾರೆ. ಕೆಲಸವೆಲ್ಲ ಶೋಧಿಸಿದ ಗಾಳಿ ಹರಿಯುವ ಪೆಟ್ಟಿಗೆಯಲ್ಲಿ, ಕೈಗವಸು ಹಾಕಿಕೊಂಡು. ಒಂದು ಬೂಷ್ಟಿನ ಕಣ ಬಿದ್ದರೂ ವಾರದ ದುಡಿಮೆ ಹಾಳು. ಬೇಡವಾದಾಗ ಕೋಶಗಳನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಮಲಗಿಸಿಡುತ್ತಾರೆ.

‘ಕೋಶ ಸತ್ತಿತು’ ಎಂದು ಹೇಗೆ ಗೊತ್ತಾಗುತ್ತದೆ? 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶಗಳನ್ನು ಬಿತ್ತುತ್ತಾರೆ. ಒಂದೊಂದು ಸಾಲಿಗೆ ಔಷಧದ ಒಂದೊಂದು ಪ್ರಮಾಣ. ಒಂದೆರಡು ದಿನ ಬಿಟ್ಟು ಎಂಟಿಟಿ ಎಂಬ ಹಳದಿ ದ್ರಾವಣ ಹಾಕುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ, ಸತ್ತ ಕೋಶ ಮಾಡುವುದಿಲ್ಲ. ಯಂತ್ರ ನೇರಳೆ ಬಣ್ಣ ಅಳೆಯುತ್ತದೆ. ಅರ್ಧದಷ್ಟು ಬಣ್ಣ ಇಳಿಯಲು ಎಷ್ಟು ಔಷಧ ಬೇಕಾಯಿತು ಎಂಬ ಅಂಕಿಗೆ ಐಸಿ50 ಎನ್ನುತ್ತಾರೆ. 1983ರಿಂದ ಬಳಕೆಯಲ್ಲಿರುವ ಈ ಪರೀಕ್ಷೆ ಅಗ್ಗ, ಸುಲಭ. ಕಾಲೇಜು ಮಟ್ಟದ ಲ್ಯಾಬ್‌ಗಳಲ್ಲೂ ಮಾಡುತ್ತಾರೆ. ಸುದ್ದಿಯಾಗುವ ‘ಕೋಶ ನಾಶ’ದಲ್ಲಿ ಬಹುಪಾಲು ಇದೇ ನೇರಳೆ ಬಣ್ಣ ಇಳಿದ ಕಥೆ.

ಅರಿಸಿನದ ಉದಾಹರಣೆ ತೆಗೆದುಕೊಳ್ಳಿ. ಅದರಲ್ಲಿರುವ ಕರ್ಕ್ಯುಮಿನ್ ತಟ್ಟೆಯಲ್ಲಿ ಮೆಲನೋಮ ಕೋಶಗಳನ್ನು ಕೊಲ್ಲುತ್ತದೆ ಎಂಬ ಪ್ರಬಂಧಗಳಿವೆ. ಆದರೆ ತಟ್ಟೆಯಲ್ಲಿ ಅದನ್ನು ದ್ರಾವಕದಲ್ಲಿ ಕರಗಿಸಿ ನೇರವಾಗಿ ಕೋಶದ ಮೇಲೆ ಹಾಕುತ್ತಾರೆ. ನಾವು ತಿಂದರೆ ಕರುಳು ಅದನ್ನು ಹೀರಿಕೊಳ್ಳುವುದೇ ಕಡಿಮೆ, ಹೀರಿದ್ದನ್ನೂ ಯಕೃತ್ತು ಬೇಗ ಬದಲಿಸಿಬಿಡುತ್ತದೆ. ಸಾರಿನಲ್ಲಿ ಎಷ್ಟೇ ಅರಿಸಿನ ಹಾಕಿದರೂ ತಟ್ಟೆಯಲ್ಲಿದ್ದ ಮಟ್ಟ ರಕ್ತದಲ್ಲಿ ಬರುವುದಿಲ್ಲ. ಇನ್ನೊಂದು ವಿಷಯ, ಕರ್ಕ್ಯುಮಿನ್ ತಾನೇ ಹಳದಿ. ಬಣ್ಣ ನೋಡಿ ಫಲಿತಾಂಶ ಹೇಳುವ ಪರೀಕ್ಷೆಗಳನ್ನು ಅದು ದಾರಿ ತಪ್ಪಿಸಬಲ್ಲದು ಎಂದು ರಸಾಯನಶಾಸ್ತ್ರಜ್ಞರೇ ಎಚ್ಚರಿಸಿದ್ದಾರೆ. ಲಕ್ಷ್ಮಣಫಲದ್ದು ಇನ್ನೂ ಒಂದು ತೊಡಕು. ಅದರಲ್ಲಿ ಅನೊನಾಸಿನ್ ಎಂಬ ನರಗಳಿಗೆ ವಿಷವಾಗುವ ಅಂಶವಿದೆ. ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಈ ಜಾತಿಯ ಹಣ್ಣು, ಎಲೆ ಕಷಾಯಗಳನ್ನು ಹೆಚ್ಚು ಸೇವಿಸುವವರಲ್ಲಿ ಪಾರ್ಕಿನ್ಸನ್ ಹೋಲುವ ಕಾಯಿಲೆ ಕಂಡಿದ್ದಾಗಿ 1999ರಲ್ಲೇ ವರದಿಯಾಗಿದೆ. ಎಂದಾದರೊಮ್ಮೆ ಒಂದು ಹಣ್ಣು ತಿಂದರೆ ಹೆದರಬೇಕಿಲ್ಲ. ಕೀಮೋ ಬಿಟ್ಟು ದಿನಾ ಎಲೆಯ ಕಷಾಯ ಕುಡಿಯುವುದು ಬೇರೆ ಮಾತು.

ತಟ್ಟೆಯ ಕೆಲಸದಲ್ಲಿ ಕೋಶದ ಗುರುತೇ ತಪ್ಪುವುದೂ ಉಂಟು. ಎಂಡಿಎ-ಎಂಬಿ-435 ಎಂಬ ಸೆಲ್ ಲೈನನ್ನು ಸ್ತನ ಕ್ಯಾನ್ಸರಿನದು ಎಂದು ವರ್ಷಗಟ್ಟಲೆ ಜಗತ್ತಿನಾದ್ಯಂತ ಬಳಸಿದರು. 2000ದಲ್ಲಿ ಅದರ ವಂಶವಾಹಿಗಳ ಚಟುವಟಿಕೆ ಮೆಲನೋಮದ ಥರ ಕಂಡಿತು. ಆಮೇಲೆ ಡಿಎನ್‌ಎ ಗುರುತು ಹೋಲಿಸಿದರೆ ಎಂ14 ಎಂಬ ಮೆಲನೋಮ ಲೈನ್‌ಗೆ ಹೊಂದಿಕೆಯಾಯಿತು. ಸ್ತನ ಕ್ಯಾನ್ಸರ್ ಎಂದು ಬರೆದ ಎಷ್ಟೋ ಪ್ರಬಂಧಗಳು ಅಸಲಿಗೆ ಮೆಲನೋಮದ್ದಾಗಿದ್ದವು! ಈಗ ಒಳ್ಳೆಯ ಪತ್ರಿಕೆಗಳು ಸೆಲ್ ಲೈನಿನ ಡಿಎನ್‌ಎ ಗುರುತಿನ ದಾಖಲೆ ಕೇಳುತ್ತವೆ.

ತಟ್ಟೆಯ ನಂತರ ಇಲಿ. ಪ್ರಾಣಿ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕೇಬೇಕು. ಬಿ16ರ ಒಂದು ಉಗ್ರ ತಳಿ ಹುಟ್ಟಿದ ರೀತಿ ಕುತೂಹಲಕರ. 1970ರ ದಶಕದಲ್ಲಿ ಐಸಾಯ ಫಿಡ್ಲರ್ ಎಂಬ ವಿಜ್ಞಾನಿ ಇಲಿಯ ರಕ್ತನಾಳಕ್ಕೆ ಮೆಲನೋಮ ಕೋಶ ಬಿಟ್ಟು, ಶ್ವಾಸಕೋಶಕ್ಕೆ ಹೋಗಿ ನೆಲೆಸಿದವನ್ನು ಮಾತ್ರ ಆರಿಸಿ ಬೆಳೆಸಿದರು. ಹೀಗೆ ಹತ್ತು ಸುತ್ತು. ಕೊನೆಗೆ ಉಳಿದದ್ದು ಹರಡುವುದರಲ್ಲಿ ಪಳಗಿದ ಬಿ16-ಎಫ್10. ಕ್ಯಾನ್ಸರ್ ಹೇಗೆ ಒಂದು ಅಂಗದಿಂದ ಇನ್ನೊಂದಕ್ಕೆ ದಾಟುತ್ತದೆ ಎಂಬುದರ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಈ ಇಲಿಗಳ ಪಾಲು ದೊಡ್ಡದು. ಹಾಗಿದ್ದರೂ ಇಲಿಯಲ್ಲಿ ಕರಗಿದ ಗೆಡ್ಡೆ ಮನುಷ್ಯನಲ್ಲಿ ಕರಗುವ ಖಾತ್ರಿಯಿಲ್ಲ.

ನಮ್ಮೂರಿನದೇ ಒಂದು ಪ್ರಸಂಗ ಹೇಳಬೇಕು. ಕೋಶದ ಡಿಎನ್‌ಎಯ ಎರಡೂ ಎಳೆ ತುಂಡಾದರೆ ಕೋಶ ಸಾಯುತ್ತದೆ, ರೇಡಿಯೇಷನ್ ಕೆಲಸ ಮಾಡುವುದು ಹಾಗೆಯೇ. ಆದರೆ ಕ್ಯಾನ್ಸರ್ ಕೋಶ ತುಂಡಾದ ತುದಿಗಳನ್ನು ಮತ್ತೆ ಜೋಡಿಸಿಕೊಂಡುಬಿಡುತ್ತದೆ. ಆ ಜೋಡಣೆಗೆ ಬೇಕಾದ ಲೈಗೇಸ್-4 ಎಂಬ ಕಿಣ್ವವನ್ನು ತಡೆದರೆ? ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಸತೀಶ್ ರಾಘವನ್ ಅವರ ತಂಡ ಈ ಪ್ರಶ್ನೆ ಹಿಡಿದು ಹೊರಟಿತು. ರಾಜಾಜಿನಗರದ ಕೆಎಲ್‌ಇ ಫಾರ್ಮಸಿ ಕಾಲೇಜಿನ ಸುಭಾಸ್ ಕಾರ್ಕಿ ಅವರೂ ಜೊತೆಯಾದ ಈ ಕೆಲಸದಲ್ಲಿ ಎಸ್‌ಸಿಆರ್7 ಎಂಬ ಅಣು ಹೊರಬಂತು. ತಟ್ಟೆಯ ಕೋಶಗಳಲ್ಲಿ ಕೆಲಸ ಮಾಡಿತು, ಇಲಿಗಳ ಗೆಡ್ಡೆಯ ಬೆಳವಣಿಗೆ ತಗ್ಗಿಸಿತು. 2012ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2015ರಲ್ಲಿ ವಂಶವಾಹಿ ತಿದ್ದುವ ಕ್ರಿಸ್ಪರ್ ಕೆಲಸಕ್ಕೆ ಬೇರೆ ದೇಶದ ಲ್ಯಾಬ್‌ಗಳು ಇದನ್ನು ಬಳಸಿದವು. 2016ರಲ್ಲಿ ಇನ್ನೊಂದು ತಂಡ ಅಣುವಿನ ರಚನೆ, ಶಕ್ತಿ ಎರಡನ್ನೂ ಪ್ರಶ್ನಿಸಿ ಪ್ರಬಂಧ ಬರೆಯಿತು. ವಾದ ನಡೆಯಿತು, ಸುಧಾರಿತ ರೂಪಗಳು ಬಂದವು. ಇಷ್ಟಾದರೂ ಅದು ಇನ್ನೂ ರೋಗಿಗೆ ಕೊಡುವ ಔಷಧವಾಗಿಲ್ಲ. ಇದನ್ನು ಸೋಲು ಎಂದು ನಾನು ಎಣಿಸುವುದಿಲ್ಲ. ಒಳ್ಳೆಯ ಅಣುವೊಂದು ನಡೆಯುವ ವೇಗವೇ ಇಷ್ಟು. ‘ಮುಂದಿನ ವರ್ಷ ಮಾರುಕಟ್ಟೆಗೆ’ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ನೆನಪಿರಲಿ.

ದಾರಿ ದಾಟಿ ಬಂದವೂ ಇವೆ, ಅದರಲ್ಲೂ ಮೆಲನೋಮದಲ್ಲಿ. 2002ರಲ್ಲಿ ಬ್ರಾಫ್ ಎಂಬ ವಂಶವಾಹಿಯ ಕೆಡುಕು ಮೆಲನೋಮದಲ್ಲಿ ಪತ್ತೆಯಾಯಿತು. 2011ರಲ್ಲಿ ಅದನ್ನೇ ಗುರಿಯಾಗಿಸಿಕೊಂಡ ವೆಮುರಾಫೆನಿಬ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಇಪಿಲಿಮುಮಾಬ್, 2014ರಲ್ಲಿ ಪೆಂಬ್ರೊಲಿಜುಮಾಬ್ ಮತ್ತು ನಿವೊಲುಮಾಬ್ ಬಂದವು. ಈ ಕೊನೆಯ ಮೂರು ಕ್ಯಾನ್ಸರನ್ನು ನೇರವಾಗಿ ಕೊಲ್ಲುವುದಿಲ್ಲ. ನಮ್ಮ ರೋಗನಿರೋಧಕ ಟಿ ಕೋಶಗಳಿಗೆ ದೇಹವೇ ಹಾಕಿರುವ ತಡೆಯನ್ನು ತೆಗೆಯುತ್ತವೆ, ಆಮೇಲೆ ಟಿ ಕೋಶಗಳೇ ಕಾದಾಡುತ್ತವೆ. ಇದಕ್ಕೆ ಇಮ್ಯುನೋಥೆರಪಿ ಎಂದು ಹೆಸರು. ಈ ತಡೆಗಳನ್ನು ತೆಗೆದು ಕ್ಯಾನ್ಸರ್ ಎದುರಿಸುವ ದಾರಿ ಕಂಡುಹಿಡಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಹಿಂದೆ ಹರಡಿದ ಮೆಲನೋಮ ರೋಗಿಗಳು ಹೆಚ್ಚಾಗಿ ವರ್ಷದೊಳಗೆ ತೀರಿಕೊಳ್ಳುತ್ತಿದ್ದರು. ಇಪಿಲಿಮುಮಾಬ್, ನಿವೊಲುಮಾಬ್ ಎರಡನ್ನೂ ಕೂಡಿಸಿ ರೋಗಿಗಳಿಗೆ ಕೊಟ್ಟ ದೊಡ್ಡ ಪ್ರಯೋಗದಲ್ಲಿ ಹತ್ತು ವರ್ಷದ ನಂತರವೂ ಶೇ. 43ರಷ್ಟು ಮಂದಿ ಬದುಕಿದ್ದರು. ಗೆಡ್ಡೆಯೊಳಗೇ ಇರುವ ಟಿ ಕೋಶಗಳನ್ನು ಹೊರತೆಗೆದು, ಲ್ಯಾಬ್‌ನಲ್ಲಿ ಕೋಟಿಗಟ್ಟಲೆ ಬೆಳೆಸಿ, ರೋಗಿಗೆ ವಾಪಸು ಕೊಡುವ ಟಿಲ್ ಚಿಕಿತ್ಸೆಯನ್ನು ಸ್ಟೀವನ್ ರೋಸೆನ್‌ಬರ್ಗ್ 1988ರಲ್ಲೇ ವರದಿ ಮಾಡಿದ್ದರು. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2024ರ ಫೆಬ್ರುವರಿಯಲ್ಲಿ.

ಆದರೆ ಒಂದು ಎಚ್ಚರಿಕೆ. ಈ ದೊಡ್ಡ ಅಂಕಿಗಳೆಲ್ಲ ಹೆಚ್ಚಾಗಿ ಬಿಳಿಯ ರೋಗಿಗಳವು. ಅಂಗಾಲಿನ ಮೆಲನೋಮ ಇಮ್ಯುನೋಥೆರಪಿಗೆ ಅಷ್ಟು ಚೆನ್ನಾಗಿ ಬಗ್ಗುವುದಿಲ್ಲ, ಬ್ರಾಫ್ ಕೆಡುಕೂ ಅದರಲ್ಲಿ ಕಡಿಮೆ. ಬದಲಿಗೆ ಕೆಲವರಲ್ಲಿ ಕಿಟ್ ಎಂಬ ವಂಶವಾಹಿ ಕೆಟ್ಟಿರುತ್ತದೆ. ಅಂಥ ಕೆಲವರಿಗೆ ಇಮಾಟಿನಿಬ್ ಮಾತ್ರೆ ಉಪಯೋಗಕ್ಕೆ ಬರುತ್ತದೆ. ಅದು ರಕ್ತದ ಕ್ಯಾನ್ಸರಿಗೆ ಬಳಸುವ ಹಳೆಯ ಮಾತ್ರೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಅದರ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದರಿಂದ ನಮ್ಮಲ್ಲಿ ಜೆನರಿಕ್ ರೂಪದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಆದ್ದರಿಂದ ವೈದ್ಯರನ್ನು ಕೇಳಿ: ಬ್ರಾಫ್ ಜೊತೆ ಕಿಟ್ ಪರೀಕ್ಷೆಯನ್ನೂ ಮಾಡಿಸಿದ್ದೀರಾ?

ಇನ್ನು ಕ್ಲಿನಿಕಲ್ ಟ್ರಯಲ್, ಅಂದರೆ ಮನುಷ್ಯರ ಮೇಲಿನ ಪ್ರಯೋಗ. ಮೊದಲ ಹಂತದಲ್ಲಿ ಹತ್ತಾರು ಜನರಿಗೆ ಕೊಟ್ಟು ಎಷ್ಟು ಪ್ರಮಾಣ ಸುರಕ್ಷಿತ ಎಂದು ನೋಡುತ್ತಾರೆ. ಎರಡನೆಯದರಲ್ಲಿ ಕೆಲಸ ಮಾಡುತ್ತದೆಯೇ ಎಂದು. ಮೂರನೆಯದರಲ್ಲಿ ನೂರಾರು ಜನರಲ್ಲಿ ಈಗಿರುವ ಚಿಕಿತ್ಸೆಯೊಂದಿಗೆ ಹೋಲಿಸುತ್ತಾರೆ. ‘ನನಗೆ ಖಾಲಿ ಮಾತ್ರೆ ಕೊಟ್ಟು ಕೂರಿಸಿದರೆ?’ ಎಂಬ ಭಯ ಎಲ್ಲರಿಗೂ ಇದೆ. ಕ್ಯಾನ್ಸರ್ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಹೊಸ ಔಷಧ ಸಿಗದವರಿಗೆ ಈಗಿನ ಪ್ರಮಾಣಿತ ಚಿಕಿತ್ಸೆ ಸಿಗುತ್ತದೆ. ಆದರೂ ಬಾಯಿಬಿಟ್ಟು ಕೇಳಿ, ಉತ್ತರ ಸಮ್ಮತಿ ಪತ್ರದಲ್ಲಿ ಬರೆದಿರಬೇಕು. ಮೊದಲ ಹಂತದ ಟ್ರಯಲ್ ಆದರೆ ನಿಮಗೆ ಗುಣವಾಗುವ ಸಾಧ್ಯತೆ ಕಡಿಮೆ ಎಂಬುದನ್ನೂ ತಿಳಿದೇ ಒಪ್ಪಬೇಕು.

ನಮ್ಮ ದೇಶದಲ್ಲಿ ಇದೆಲ್ಲ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಕೆಳಗೆ ಬರುತ್ತದೆ. ಹೊಸ ಔಷಧಕ್ಕೆ ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಬೇಕು. ಆಸ್ಪತ್ರೆಯ ನೀತಿ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟು ಮಂದಿ ಆ ಸಂಸ್ಥೆಗೆ ಸೇರದವರಾಗಿರಬೇಕು, ವೈದ್ಯರಲ್ಲದ ಸಾಮಾನ್ಯರೂ ಇರಬೇಕು. ಸಮ್ಮತಿ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಇಂಗ್ಲಿಷ್ ಕಾಗದ ಮುಂದಿಟ್ಟು ‘ಇಲ್ಲಿ ಸೈನ್ ಮಾಡಿ’ ಎಂದರೆ ಮಾಡಬೇಡಿ, ಕನ್ನಡದ್ದು ಕೇಳಿ. ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ನಿಯಮದಲ್ಲಿವೆ.

ನಿಜವಾದ ಟ್ರಯಲ್ಲೋ ಅಲ್ಲವೋ ಎಂದು ಮನೆಯಿಂದಲೇ ನೋಡಬಹುದು. ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ, 2007ರಲ್ಲಿ ಶುರುವಾಯಿತು. 2009ರ ಜೂನ್ 15ರಿಂದ ನೋಂದಣಿ ಕಡ್ಡಾಯ. ಜಾಲತಾಣದ ಹೆಸರು ಸಿಟಿಆರ್‌ಐ ಡಾಟ್ ಎನ್‌ಐಸಿ ಡಾಟ್ ಇನ್. ದುಡ್ಡಿಲ್ಲ, ಲಾಗಿನ್ ಇಲ್ಲ. ಹುಡುಕಾಟದಲ್ಲಿ ರೋಗದ ಹೆಸರು ಹಾಕಿ, ಬೆಂಗಳೂರಿನ ಆಸ್ಪತ್ರೆ ಪಟ್ಟಿಯಲ್ಲಿದೆಯೇ ನೋಡಿ. ನಿಮಗೆ ಹೇಳಿದವರಿಂದ ನೋಂದಣಿ ಸಂಖ್ಯೆ ಕೇಳಿ ಹೋಲಿಸಿ. ಸಂಖ್ಯೆ ಕೊಡಲು ತಡವರಿಸಿದರೆ ನಿಮ್ಮ ಉತ್ತರ ಅಲ್ಲೇ ಸಿಕ್ಕಿತು.

ಖರ್ಚು? ನೋಂದಾಯಿತ ಟ್ರಯಲ್‌ನಲ್ಲಿ ಪ್ರಯೋಗದ ಔಷಧಕ್ಕೆ, ಅದಕ್ಕೆಂದೇ ಮಾಡುವ ಪರೀಕ್ಷೆಗಳಿಗೆ ರೋಗಿಯಿಂದ ಹಣ ಪಡೆಯುವುದಿಲ್ಲ. ಎಷ್ಟೋ ಕಡೆ ಓಡಾಟದ ಖರ್ಚನ್ನೂ ಕೊಡುತ್ತಾರೆ. ಹಾಗಾಗಿ ‘ಪ್ರಾಯೋಗಿಕ ಚಿಕಿತ್ಸೆ, ಐದು ಲಕ್ಷ ಮುಂಗಡ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಒಪ್ಪಿಗೆ ಪಡೆದ ಇಮ್ಯುನೋಥೆರಪಿಯ ವಿಷಯ ಬೇರೆ. ಅದು ದುಬಾರಿ. ಪೆಂಬ್ರೊಲಿಜುಮಾಬ್‌ಗೆ ಮೂಲ ಆಮದು ಸುಂಕವನ್ನು 2023ರ ಏಪ್ರಿಲ್‌ನಿಂದ ತೆಗೆದಿದ್ದರೂ ಪಟ್ಟಿ ಬೆಲೆ ಡೋಸ್‌ಗೆ ಲಕ್ಷಗಳ ಲೆಕ್ಕದಲ್ಲೇ ಇದೆ, ಅದೂ ಮೂರು ವಾರಕ್ಕೊಮ್ಮೆ. ಕಂಪನಿಗಳ ರೋಗಿ ನೆರವು ಯೋಜನೆ ಇದೆಯೇ ಎಂದು ಆಸ್ಪತ್ರೆಯ ಔಷಧಾಲಯದಲ್ಲಿ ವಿಚಾರಿಸಿ. ಸಂಕೋಚ ಬೇಡ, ಎಲ್ಲರೂ ಕೇಳುತ್ತಾರೆ. ಮೆಡಿಕಲ್ ಪಾಲಿಸಿ ಇದ್ದರೆ ಎರಡು ಸಾಲು ಹುಡುಕಿ. ಇಂಜೆಕ್ಷನ್ ರೂಪದ ಮೊನೊಕ್ಲೋನಲ್ ಆಂಟಿಬಾಡಿ ಇಮ್ಯುನೋಥೆರಪಿಯನ್ನು ವಿಮೆಯಿಂದ ಹೊರಗಿಡಬಾರದು ಎಂದು ವಿಮಾ ಪ್ರಾಧಿಕಾರ ಹೇಳಿದೆ, ಆದರೆ ಮಿತಿ ಹಾಕಿರಬಹುದು. ‘ಸಾಬೀತಾಗದ ಚಿಕಿತ್ಸೆ’ಗೆ ಮಾತ್ರ ಪಾಲಿಸಿ ಹಣ ಕೊಡುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ ನೆರವಿದೆ. ಶಸ್ತ್ರಚಿಕಿತ್ಸೆಗೆ ಇದು ದೊಡ್ಡ ಆಸರೆ. ಹೊಸ ಔಷಧ ಪ್ಯಾಕೇಜಿನಲ್ಲಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಿ.

ಎಲ್ಲಿಗೆ ಹೋಗಬೇಕು? ನಮ್ಮ ಹಳೇ ಬಡಾವಣೆಗಳಿಗೆ ಹಸಿರು ಮೆಟ್ರೋ ಅನುಕೂಲ. ಕಲೆ ತೋರಿಸಲು ಮಲ್ಲೇಶ್ವರದವರಿಗೆ ಕೆ.ಸಿ. ಜನರಲ್ ಆಸ್ಪತ್ರೆ, ಚಾಮರಾಜಪೇಟೆಯವರಿಗೆ ಕೆ.ಆರ್. ಮಾರುಕಟ್ಟೆ ನಿಲ್ದಾಣದ ಬಳಿಯ ವಿಕ್ಟೋರಿಯಾ ಇದೆ. ಮೆಲನೋಮ ಕಣ್ಣಿನೊಳಗೂ ಬರುತ್ತದೆ. ದೃಷ್ಟಿಯಲ್ಲಿ ನೆರಳು, ಮಿಂಚು ಕಂಡರೆ ಪಕ್ಕದಲ್ಲೇ ಮಿಂಟೊ ಕಣ್ಣಿನ ಆಸ್ಪತ್ರೆ. ಕ್ಯಾನ್ಸರ್ ಎಂದು ಖಚಿತವಾದರೆ ಶಂಕರಪುರದಲ್ಲಿ ಶ್ರೀ ಶಂಕರ ಕ್ಯಾನ್ಸರ್ ಆಸ್ಪತ್ರೆ ಇದೆ, ನ್ಯಾಷನಲ್ ಕಾಲೇಜು ನಿಲ್ದಾಣದಿಂದ ದೂರವಿಲ್ಲ. ಲಾಲ್‌ಬಾಗ್ ದಾಟಿದರೆ 1973ರಿಂದ ನಡೆಯುತ್ತಿರುವ ಸರ್ಕಾರದ ಕಿದ್ವಾಯಿ ಸಂಸ್ಥೆ. ಕಿದ್ವಾಯಿಯಲ್ಲಿ ಜನಸಂದಣಿ ಜಾಸ್ತಿ, ಬೆಳಗ್ಗೆ ಬೇಗ ಹೋಗಿ. ಲ್ಯಾಬ್ ಒಳಗೆ ಹೇಗಿರುತ್ತದೆ ಎಂದು ಮಕ್ಕಳಿಗೆ ತೋರಿಸುವ ಆಸೆಯಿದ್ದರೆ ಟಾಟಾ ಇನ್‌ಸ್ಟಿಟ್ಯೂಟ್ ವರ್ಷಕ್ಕೊಮ್ಮೆ, ಫೆಬ್ರುವರಿ ಕೊನೆ ಅಥವಾ ಮಾರ್ಚ್ ಮೊದಲ ಭಾಗದಲ್ಲಿ, ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ.

ಎರಡನೇ ಅಭಿಪ್ರಾಯಕ್ಕೋ ಟ್ರಯಲ್ ವಿಚಾರಿಸಲಿಕ್ಕೋ ಹೊರಡುವಾಗ ಬರೀ ಡಿಸ್ಚಾರ್ಜ್ ಚೀಟಿ ಹಿಡಿದು ಹೋಗಬೇಡಿ. ಬಯಾಪ್ಸಿ ಮಾಡಿದ ಆಸ್ಪತ್ರೆಯಲ್ಲಿ ನಿಮ್ಮ ಮಾಂಸದ ಚೂರನ್ನು ಪ್ಯಾರಾಫಿನ್ ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಬ್ರಾಫ್, ಕಿಟ್ ಪರೀಕ್ಷೆ ಮಾಡುವುದು ಅದರ ಮೇಲೆಯೇ. ರೋಗಶಾಸ್ತ್ರ ವಿಭಾಗಕ್ಕೆ ಒಂದು ಪತ್ರ ಬರೆದುಕೊಟ್ಟು ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಪಡೆಯಿರಿ, ರಶೀದಿ ಇಟ್ಟುಕೊಳ್ಳಿ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಕೆಲಸ ಮುಗಿದ ಮೇಲೆ ವಾಪಸು ಕೊಡಿ.